ಪ್ರತಿಮಾಗೃಹದಲ್ಲಿ ಭರತ

ರಂಗದ ಮೇಲೆ ಭಾವವು ಬದಲಾಗಬೇಕಾದರೆ ಏನಾದರೊಂದು ಘಟನೆ ನಡೆಯಲೇಬೇಕೆಂಬ ನಂಬಿಕೆಯು ನಾಟಕ ಬರೆಯುವವರಲ್ಲಿಯೂ ಆಡುವವರಲ್ಲಿಯೂ ಬಹುಕಾಲದಿಂದ ನೆಲೆನಿಂತಿದೆ. ದೂತನೊಬ್ಬನು ಓಡಿಬರಬೇಕು, ಕತ್ತಿ ಹಿರಿಯಬೇಕು, ಪರದೆ ಏಳಬೇಕು, ಇಲ್ಲವೆ ಹಾರ್ಮೋನಿಯಂ ತನ್ನ ರಾಗವನ್ನು ಬದಲಿಸಬೇಕು. ವೃತ್ತಿಮಂಡಲಿಗಳ ಉಚ್ಛ್ರಾಯಕಾಲದಲ್ಲಿ ಕರುಣಕ್ಕೆ ಒಂದು ರಾಗ, ವೀರಕ್ಕೆ ಮತ್ತೊಂದು ರಾಗ, ನಡುವೆ ನಗುವಿಗೆಂದು ಪ್ರತ್ಯೇಕವಾದೊಂದು ದೃಶ್ಯ ಎಂಬ ಏರ್ಪಾಡಿತ್ತು. ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ ಮೂರ್ಛೆಹೋಗಿ ಬಿದ್ದಿದ್ದ ಪಾತ್ರವು ಎದ್ದು ಕುಳಿತು, ಅದೇ ಹಾಡನ್ನು ಇನ್ನೊಮ್ಮೆ ಹಾಡಿ, ಮತ್ತೆ ಮೂರ್ಛೆಹೋಗುತ್ತಿತ್ತೆಂದು ಹಳಬರು ನಗುತ್ತ ಹೇಳುತ್ತಿದ್ದುದುಂಟು. ಆ ಸಂಭ್ರಮವನ್ನು ಹಳಿಯಬೇಕಾದುದಿಲ್ಲ. ಅದರ ಸುಖವೇ ಬೇರೆ. ಆದರೆ ಒಂದು ಅಂಕದುದ್ದಕ್ಕೂ ಹೊಸದಾಗಿ ಏನೂ ನಡೆಯದೆ, ನಡೆಯಬೇಕಾದುದೆಲ್ಲವೂ ಮೊದಲೇ ನಡೆದುಹೋಗಿದ್ದು, ಅದು ಒಬ್ಬನಿಗೆ ತಿಳಿಯುವುದೊಂದೇ ಉಳಿದಿರುವಾಗ, ಆ ತಿಳಿವಿನ ನಡಗೆಯಿಂದಲೇ ಹರ್ಷ, ಶಂಕೆ, ಭಯ, ಶೋಕ, ಕ್ರೋಧಗಳನ್ನು ಒಂದರಿಂದೊಂದು ಹುಟ್ಟಿಸಿ, ಅಲ್ಲಿ ನಿಂತವರೆಲ್ಲರ ಸ್ವಭಾವವನ್ನೂ ಬೆಳಕಿಗೆ ತರುವುದು ಸಾಧ್ಯವೇ ಎಂದು ಕೇಳುವವರು ‘ಪ್ರತಿಮಾನಾಟಕ’ದ ಮೂರನೆಯ ಅಂಕವನ್ನು ಒಮ್ಮೆ ಓದಿನೋಡಬೇಕು.

ಈ ನಾಟಕವು ವಿದ್ವಾಂಸರ ಕೈಗೆ ಮತ್ತೆ ದೊರೆತುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ತಿರುವಾಂಕೂರು ಸೀಮೆಯ ಪದ್ಮನಾಭಪುರದ ಬಳಿಯ ಮಠವೊಂದರಲ್ಲಿ ಮಲಯಾಳ ಲಿಪಿಯ ತಾಳೆಯೋಲೆಗಳ ಕಟ್ಟೊಂದು ಟಿ. ಗಣಪತಿ ಶಾಸ್ತ್ರಿಗಳಿಗೆ ಸಿಕ್ಕಿತು. ೧೯೧೨ರಿಂದ ಮೊದಲುಗೊಂಡು ಅವರು ಭಾಸನ ಹೆಸರಿನಿಂದ ಹದಿಮೂರು ನಾಟಕಗಳನ್ನು ಅಚ್ಚು ಹಾಕಿಸಿದರು. ಪ್ರತಿಮಾನಾಟಕವು ೧೯೧೫ರಲ್ಲಿ ಹೊರಬಿತ್ತು. ಈ ನಾಟಕಗಳ ಸ್ಥಾಪನೆಯಲ್ಲಿ ಕವಿಯ ಹೆಸರಿಲ್ಲ. ಇವೆಲ್ಲವೂ ಭಾಸನವೇ ಅಹುದೋ ಅಲ್ಲವೋ ಎಂಬ ವಾದವು ಆಗಲೇ ಹುಟ್ಟಿತು, ಇಂದಿಗೂ ಮುಗಿದಿಲ್ಲ. ಇಲ್ಲಿ ಆ ವಾದದಿಂದ ಆಗಬೇಕಾದುದೇನೂ ಇಲ್ಲ. ರೂಢಿಯಂತೆ ಭಾಸನೆಂದೇ ಕರೆದರೆ ಸಾಕು.

ಕಥೆಯು ಎಲ್ಲರೂ ಬಲ್ಲುದೇ. ರಾಮನು ಕಾಡಿಗೆ ಹೋಗಿದ್ದಾನೆ, ದಶರಥನು ಮಡಿದಿದ್ದಾನೆ, ಸೋದರಮಾವನ ಮನೆಯಲ್ಲಿದ್ದ ಭರತನು ಏನನ್ನೂ ಅರಿಯದೆ ಹಿಂದಿರುಗುತ್ತಿದ್ದಾನೆ. ವಾಲ್ಮೀಕಿಯಲ್ಲಿ ಭರತನು ಮೊದಲೇ ಕೆಟ್ಟ ಕನಸನ್ನು ಕಂಡು ಅಂಜಿದ್ದಾನೆ. ಪಟ್ಟಣಕ್ಕೆ ಬಂದು ಅಲ್ಲಿನ ಮೌನವನ್ನು ಕಂಡು ಇನ್ನಷ್ಟು ಅಂಜುತ್ತಾನೆ. ತಂದೆಯ ಮನೆಯಲ್ಲಿ ತಂದೆಯನ್ನು ಕಾಣದೆ ತಾಯಿಯ ಮನೆಗೆ ಹೋಗುತ್ತಾನೆ. ಅಲ್ಲಿ ಸುದ್ದಿ ಹೇಳುವವಳು ಕೈಕೇಯಿಯೇ. ತಾನು ಮಗನಿಗೆ ಶುಭವಾರ್ತೆಯನ್ನು ಕೊಡುತ್ತಿದ್ದೇನೆಂಬ ಭಾವನೆಯಿಂದಲೇ ಅವಳು ಹೇಳುತ್ತಾಳೆ. ಮಹಾಕಾವ್ಯಕ್ಕೆ ಅದು ಒಪ್ಪುವ ರೀತಿ. ಆದರೆ ಅದನ್ನೇ ರಂಗಕ್ಕೆ ತಂದರೆ ಒಂದು ತೊಡಕುಂಟು: ಸುದ್ದಿ ತಿಳಿದ ಗಳಿಗೆಯಲ್ಲಿಯೇ ಸಿಟ್ಟಿಗೆ ಗುರಿಯೂ ಎದುರಿಗೆ ಸಿಕ್ಕುತ್ತದೆ. ಮಗನು ತಂದೆಗಾಗಿ ಅಳುವುದಕ್ಕೆ ಮೊದಲೇ ತಾಯಿಯನ್ನು ಬಯ್ಯತೊಡಗುತ್ತಾನೆ; ದುಃಖವು ಜಗಳದಲ್ಲಿ ಕರಗಿಹೋಗುತ್ತದೆ. ಭಾಸನು ಇದನ್ನು ಕಂಡುಕೊಂಡಿದ್ದಿರಬೇಕು. ಸುದ್ದಿ ಹೇಳುವ ಕೆಲಸವನ್ನು ಅವನು ಕೈಕೇಯಿಯಿಂದ ಕಿತ್ತುಕೊಂಡು, ಕೇಳುತ್ತಿರುವವನಾರೆಂಬುದನ್ನೇ ಅರಿಯದ ಒಬ್ಬ ಅರ್ಚಕನಿಗೆ ಕೊಟ್ಟನು. ಅದಕ್ಕಾಗಿ ಊರ ಹೊರಗೆ ಮರಗಳ ನಡುವೆ ಒಂದು ಪ್ರತಿಮಾಗೃಹವನ್ನೇ ಕಟ್ಟಿಸಿದನು. ಇಕ್ಷ್ವಾಕು ವಂಶದ ಗತಿಸಿದ ಅರಸರ ಶಿಲಾಪ್ರತಿಮೆಗಳು ಅಲ್ಲಿವೆ. ರಾಮಾಯಣದಲ್ಲಿ ಇಂತಹ ಮನೆ ಎಲ್ಲಿಯೂ ಇಲ್ಲ.

ಲೋಕದಲ್ಲಿ ಮಾತ್ರ ಇದ್ದಿತು. ಮಥುರೆಯ ಹತ್ತಿರ ಮಾಟ್ ಎಂಬಲ್ಲಿ ೧೯೧೧-೧೨ರಲ್ಲಿ ಅಗೆದಾಗ ಕನಿಷ್ಕನೇ ಮೊದಲಾದ ಕುಶಾನ ದೊರೆಗಳ ಪ್ರತಿಮೆಗಳು ಹೊರಬಂದವು. ಅಲ್ಲಿಯ ಶಾಸನದಲ್ಲಿ ‘ದೇವಕುಲ’ವೆಂಬ ಶಬ್ದವೇ ಇದೆ, ಭಾಸನು ಬಳಸುವ ಶಬ್ದವೂ ಅದೇ. ನಾಣೇಘಾಟದ ಗವಿಯಲ್ಲಿ ಶಾತವಾಹನ ರಾಜಕುಟುಂಬದವರ ಆಕೃತಿಗಳಿದ್ದವು. ಈಗ ಆಕೃತಿಗಳು ಅಳಿದು ಮೇಲೆ ಕೊರೆದ ಹೆಸರುಗಳೂ ಕೆಳಗೆ ಪಾದಗಳ ಗುರುತುಗಳೂ ಉಳಿದಿವೆ. ಭಾಸನ ಪ್ರತಿಮಾಗೃಹದಲ್ಲಿ ಹೀಗೆ ಹೆಸರು ಕೊರೆದಿಲ್ಲ. ಕೊರೆದಿದ್ದರೆ ಈ ಅಂಕವೇ ಇರುತ್ತಿರಲಿಲ್ಲ; ಭರತನು ಓದಿಕೊಂಡುಬಿಡುತ್ತಿದ್ದನು. ಹೆಸರಿಲ್ಲದ ಕಾರಣ ಆತನು ಕೇಳಬೇಕಾಯಿತು. ಕೇಳಿದುದರಿಂದ ಇನ್ನೊಬ್ಬನು ಹೇಳಬೇಕಾಯಿತು. ನಾಟಕವೆಂಬುದು ಹುಟ್ಟುವುದು ಆ ನಡುವಿನ ಎಡೆಯಲ್ಲಿ.

ಅಂಕದ ಮೊದಲಲ್ಲಿ ಬರುವುದು ಶೋಕವಲ್ಲ, ನಗು. ಸುಣ್ಣ ಬಳಿಯುವ ಆಳೊಬ್ಬನು ಕೆಲಸ ಮುಗಿಸಿ ನಿದ್ದೆಹೋಗಿದ್ದಾನೆ. ಭಟನೊಬ್ಬನು ಬಂದು ಅವನನ್ನು ಹೊಡೆದೆಬ್ಬಿಸುತ್ತಾನೆ. ತನಗೆ ಕಾರ್ತವೀರ್ಯನಂತೆ ಸಾವಿರ ತೋಳುಗಳಿಲ್ಲವಲ್ಲಾ ಎಂದು ಆಳು ಹಲುಬುತ್ತಾನೆ. ಇದ್ದಿದ್ದರೆ ಭಟನ ಗತಿ ಬೇರೆಯಾಗುತ್ತಿತ್ತು. ಆಮೇಲೆ ತಾನು ಮಾಡಿದ ಕೆಲಸದ ಲೆಕ್ಕವನ್ನು ಒಪ್ಪಿಸುತ್ತಾನೆ: ಪಾರಿವಾಳದ ಗೂಡುಗಳನ್ನು ಕಿತ್ತುದಾಯಿತು, ಗೋಡೆಗೆ ಸುಣ್ಣವಾಯಿತು, ಗಂಧದಲ್ಲಿ ಐದು ಬೆರಳಿನ ಅಚ್ಚನ್ನು ಒತ್ತಿದುದಾಯಿತು, ಬಾಗಿಲಿಗೆ ಮಾಲೆ ಕಟ್ಟಿ ಅಂಗಳಕ್ಕೆ ಮರಳು ಹರಡಿದುದಾಯಿತು. ತೀರಿಹೋದ ಮಹಾರಾಜನ ಪ್ರತಿಮೆಯನ್ನು ನೋಡಲು ಈ ದಿನ ರಾಣಿಯರು ಬರುತ್ತಾರೆ, ಅದಕ್ಕಾಗಿಯೇ ಇಷ್ಟೆಲ್ಲ.

ಇದನ್ನು ಕೇವಲ ಹಾಸ್ಯವೆಂದು ದಾಟಿಹೋಗುವ ವಾಚಕನು ಮುಂದೆ ನಷ್ಟಪಡುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಭರತನು ಅದೇ ಬಾಗಿಲಲ್ಲಿ ನಿಂತು ಅದೇ ಮಾಲೆಗಳನ್ನು, ಅದೇ ಗಂಧದ ಬೆರಳುಗಳನ್ನು, ಅದೇ ಮರಳನ್ನು ಕಂಡು, ಇಂದು ಏನು ಪರ್ವವೋ, ಇದು ಯಾವ ದೇವರ ಗುಡಿಯೋ ಎಂದು ಬೆರಗಾಗುತ್ತಾನೆ. ಒಂದೇ ಅಲಂಕಾರ: ಆಳಿಗೆ ಅದು ದಿನದ ಕೂಲಿ, ಭರತನಿಗೆ ಹಬ್ಬ, ನೋಡುವವರಿಗೆ ಸೂತಕ. ಪ್ರೇಕ್ಷಕನ ಎದೆ ಹಿಂಡುವುದಕ್ಕೆ ಕವಿಯು ಇಲ್ಲಿ ಒಂದು ಕರುಣದ ಮಾತನ್ನೂ ವೆಚ್ಚಮಾಡಿಲ್ಲ.

ಇನ್ನು ರಥ. ಭರತನು ತಂದೆಗೆ ಅಸ್ವಸ್ಥತೆಯೆಂದಷ್ಟೇ ಕೇಳಿದ್ದಾನೆ. ಸೂತನಿಗೆ ಎಲ್ಲವೂ ತಿಳಿದಿದೆ. ಇಲ್ಲಿ ಭಾಸನು ಒಂದೇ ವೃತ್ತವನ್ನು ಒಡೆದು ಇಬ್ಬರ ಪ್ರಶ್ನೋತ್ತರಗಳಾಗಿ ಹಂಚಿದ್ದಾನೆ. ರೋಗವೇನೆಂದರೆ ಹೃದಯದ ಬೇಗೆಯೆಂದು ಸೂತನ ಉತ್ತರ. ವೈದ್ಯರ ಮಾತನ್ನು ಕೇಳಿದರೆ ಆ ವಿಷಯದಲ್ಲಿ ವೈದ್ಯರಿಗೆ ಬಲ್ಮೆ ಸಾಲದೆಂಬ ಉತ್ತರ. ಊಟವನ್ನೂ ಹಾಸಿಗೆಯನ್ನೂ ಕುರಿತು ವಿಚಾರಿಸಿದರೆ ಊಟವಿಲ್ಲ, ನೆಲವೇ ಹಾಸಿಗೆ ಎಂಬ ಉತ್ತರ. ಆಸೆಯುಂಟೇ ಎಂದರೆ ದೈವದ ಹೆಸರು. ಈ ಉತ್ತರಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಯಾವುದೂ ಸುಳ್ಳಲ್ಲ. ಎಲ್ಲವೂ ಸೇರಿದರೂ ನಿಜವಲ್ಲ. ನೆಲದ ಮೇಲೆ ನಿರಾಹಾರನಾಗಿ ಮಲಗಿರುವವನು ಸತ್ತವನೂ ಆಗಿರಬಹುದಷ್ಟೆ. ಸೂತನು ಒಳ್ಳೆಯವನೆಂದು ಯಾರೂ ಹೇಳುವುದಿಲ್ಲ, ಅವನೂ ಹೇಳಿಕೊಳ್ಳುವುದಿಲ್ಲ. ಸುಳ್ಳಾಡಲೊಲ್ಲದ, ನಿಜವಾಡಲಾರದ ಒಬ್ಬ ಸೇವಕನ ಮನಸ್ಸು ನಾಲ್ಕು ತುಂಡು ಮಾತುಗಳಲ್ಲಿ ಕಂಡುಹೋಗುತ್ತದೆ. ತಂದೆಯ ಮರಣ, ತಾಯಿಯ ಲೋಭ, ಅಣ್ಣನ ವನವಾಸ ಈ ಮೂರನ್ನೂ ಒಬ್ಬ ಮಗನಿಗೆ ಯಾವ ನಾಲಗೆಯಿಂದ ಹೇಳುವುದು ಎಂಬ ಅವನ ಸ್ವಗತವು ಬರುವುದು ಆಮೇಲೆ. ಆ ಹೊತ್ತಿಗೆ ಅದರ ಅವಶ್ಯಕತೆಯೇ ಉಳಿದಿರುವುದಿಲ್ಲ.

ಕುದುರೆಗಳು ಓಡುತ್ತವೆ; ದಾರಿಯ ಮರಗಳು ಎದುರಾಗಿ ಓಡಿಬಂದಂತೆ ತೋರುತ್ತದೆ. ಎದೆ ನಡುಗಿದ್ದ ಭರತನು ಊರು ಸಮೀಪಿಸಿತೆಂದು ಕೇಳುತ್ತಲೇ ಹಗುರಾಗಿ, ಮನೆ ಸೇರುವ ಸುಖವನ್ನು ಕಣ್ಣೆದುರಿಗೆ ತಂದುಕೊಳ್ಳುತ್ತಾನೆ. ತಾನು ತಂದೆಯ ಪಾದದಲ್ಲಿ ತಲೆಯಿಟ್ಟು ಬಿದ್ದಂತೆಯೂ, ಆತನು ಎತ್ತಿ ತಬ್ಬಿದಂತೆಯೂ, ಅಣ್ಣತಮ್ಮಂದಿರು ಓಡಿಬಂದಂತೆಯೂ, ತಾಯಂದಿರು ಕಣ್ಣೀರಿನಿಂದ ತೋಯಿಸಿದಂತೆಯೂ, ತನ್ನ ಉಡುಪನ್ನೂ ನುಡಿಯನ್ನೂ ಕಂಡು ಲಕ್ಷ್ಮಣನು ನಕ್ಕಂತೆಯೂ ಅವನಿಗೆ ತೋರುತ್ತದೆ. ಬಹುಕಾಲ ಪರಸ್ಥಳದಲ್ಲಿದ್ದು ಬಂದವನ ಮಾತಿನ ಧಾಟಿ ಬದಲಾಗಿರುವುದೂ, ಅದನ್ನು ಮನೆಯವರು ಆಡಿಕೊಂಡು ನಗುವುದೂ ಯಾವ ಮನೆಯಲ್ಲಿ ಇಲ್ಲ? ಕವಿಯ ಕಣ್ಣು ಎಷ್ಟು ಸಣ್ಣ ವಿಷಯದ ಮೇಲೆ ಬಿದ್ದಿದೆ! ಆದರೆ ಹೆಚ್ಚಾಗಿ ಗಮನಿಸಬೇಕಾದುದು ಆ ಕನಸಿನಲ್ಲಿ ಇಲ್ಲದುದನ್ನು. ಅದರಲ್ಲಿ ಸಿಂಹಾಸನವಿಲ್ಲ, ಕಿರೀಟವಿಲ್ಲ, ತನ್ನ ಪಾಲಿನ ಮಾತೇ ಇಲ್ಲ. ಮುಂದೆ ಲೋಕವೆಲ್ಲ ಯಾವ ಅಪವಾದವನ್ನು ಭರತನ ಮೇಲೆ ಹೊರಿಸಬಹುದೋ ಅದಕ್ಕೆ ಪರಿಹಾರವನ್ನು ಭಾಸನು ಆರೋಪ ಹುಟ್ಟುವ ಮೊದಲೇ ಕೊಟ್ಟುಬಿಟ್ಟಿದ್ದಾನೆ, ಅದೂ ಭರತನಿಗೇ ತಿಳಿಯದಂತೆ. ತಾನು ನಿರ್ದೋಷಿಯೆಂದು ಸಾರುವ ಪಾತ್ರವನ್ನು ಪ್ರೇಕ್ಷಕನು ಸಂದೇಹದಿಂದ ನೋಡುತ್ತಾನೆ. ಲಕ್ಷ್ಮಣನು ನಗುತ್ತಾನೆಂದು ನಾಚುವವನನ್ನು ನಂಬುತ್ತಾನೆ.

ಊರನ್ನು ಸೇರುವಷ್ಟರಲ್ಲಿ ತಡೆಯೊಂದು ಬರಬೇಕಲ್ಲ. ಕೃತ್ತಿಕೆಯು ಇನ್ನೂ ಒಂದು ಗಳಿಗೆ ಉಳಿದಿದೆ, ರೋಹಿಣಿಯು ಬಂದಮೇಲೆ ಪುರಪ್ರವೇಶ ಮಾಡತಕ್ಕದ್ದೆಂದು ಗುರುಗಳು ಹೇಳಿಕಳುಹಿಸುತ್ತಾರೆ. ಇದು ಕವಿಯ ಅನುಕೂಲಕ್ಕಾಗಿ ಮಾಡಿದ ಉಪಾಯವೆಂದು ಯಾರಾದರೂ ಹೇಳಬಲ್ಲರು. ಆದರೆ ಭರತನ ಉತ್ತರವನ್ನು ನೋಡಿರಿ: ಹಿರಿಯರ ಮಾತನ್ನು ತಾನು ಎಂದೂ ಮೀರಿದವನಲ್ಲವೆಂದು ಅವನು ರಥವನ್ನು ನಿಲ್ಲಿಸುತ್ತಾನೆ. ರಾಮನು ಕಾಡಿಗೆ ಹೋದುದೂ ಹಿರಿಯರ ಮಾತನ್ನು ಮೀರದೆಯೇ. ಅಣ್ಣತಮ್ಮಂದಿರು ಒಂದೇ ಮನೆಯವರೆಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಒಳಗೆ ನಾಲ್ಕು ಪ್ರತಿಮೆಗಳಿವೆ. ಭರತನು ಮೊದಲು ಶಿಲ್ಪದ ಸೊಬಗಿಗೆ ಮಾರುಹೋಗುತ್ತಾನೆ; ದೇವರೆಂದುಕೊಂಡರೂ ಮನುಷ್ಯರ ಕಳೆ ಕಾಣುತ್ತದಲ್ಲಾ ಎಂದು ಅಚ್ಚರಿಪಡುತ್ತಾನೆ; ಕಾರಣವಿಲ್ಲದೆ ಮನಸ್ಸಿಗೆ ಹರ್ಷವಾಗುತ್ತದೆ. ಹಿಂದಿನಿಂದ ಬಂದ ದೇವಕುಲಿಕನು, ಎಂದರೆ ಅಲ್ಲಿಯ ಅರ್ಚಕನು, ಬಂದವನ ಮುಖವು ಪ್ರತಿಮೆಗಳನ್ನು ಹೋಲುವುದನ್ನು ಕಾಣುತ್ತಾನೆ. ಆದರೂ ಆತನಾರೆಂದು ಊಹಿಸುವುದಿಲ್ಲ. ನಿತ್ಯವೂ ಕಲ್ಲನ್ನು ನೋಡಿ ನೋಡಿ ಅಭ್ಯಾಸವಾದ ಕಣ್ಣು ಅದು. ಭರತನು ಕೈಮುಗಿಯಹೋದಾಗ ಅವನು ತಡೆಯುತ್ತಾನೆ: ಇವರು ದೇವತೆಗಳಲ್ಲ, ಕ್ಷತ್ರಿಯರು, ಇಕ್ಷ್ವಾಕುಗಳು. ಭರತನ ಹರ್ಷವು ಇಮ್ಮಡಿಯಾಗುತ್ತದೆ. ತನ್ನ ಹಿರಿಯರೇ! ಇವನಾರು? ದಿಲೀಪ. ನಮಸ್ಕಾರ. ಇವನಾರು? ರಘು. ಇಂತಹವನ ಕಾವಲನ್ನೂ ದಾಟಿ ಮೃತ್ಯುವು ಬಂದಿತಲ್ಲಾ ಎಂದು ಭರತನು ನಿಟ್ಟುಸಿರಿಡುತ್ತಾನೆ. ಸಾವೆಂಬ ಮಾತು ಆ ಮನೆಯಲ್ಲಿ ಮೊದಲು ಹೊರಡುವುದು ಅವನ ಬಾಯಿಂದಲೇ, ಅದೂ ಯಾವುದೋ ಹಳೆಯ ಕಾಲದ ಸಾವು. ನಮಸ್ಕಾರ. ಇವನಾರು? ಪ್ರಿಯಪತ್ನಿಯ ವಿಯೋಗದಿಂದ ರಾಜ್ಯವನ್ನೇ ತೊರೆದ ಅಜ. ನಮಸ್ಕಾರ.

ನಾಲ್ಕನೆಯದನ್ನು ಅವನು ನೋಡುತ್ತಾನೆ. ಕೇಳುವುದಿಲ್ಲ.

ಅವನು ಮಾಡುವುದೇನು? ಗೌರವದ ಸಡಗರದಲ್ಲಿ ತನಗೆ ಸರಿಯಾಗಿ ಮನದಟ್ಟಾಗಲಿಲ್ಲವೆಂದು ನೆವ ಹೇಳಿ, ಮೊದಲಿನಿಂದ ಮತ್ತೊಮ್ಮೆ ಹೇಳಿರೆಂದು ಬೇಡುತ್ತಾನೆ. ದಿಲೀಪ, ರಘು, ಅಜ. ಈ ಸಾರಿ ಅವನು ಪ್ರತಿಯೊಬ್ಬನಿಗೂ ತನ್ನ ಮನೆಯ ಸಂಬಂಧವನ್ನು ಕೂಡಿಸಿ ಎಣಿಸುತ್ತಾನೆ, ಮಹಾರಾಜನಿಗೆ ಇವನು ಏನಾಗಬೇಕು, ಅವನು ಏನಾಗಬೇಕು ಎಂದು. ಲೆಕ್ಕವು ಅಜನವರೆಗೆ ಬಂದು ನಿಲ್ಲುತ್ತದೆ. ಹಿಂದೆ ಮನೆಗೆ ತಂತಿ ಬರುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಅರ್ಥ ಬೇಗ ಆಗುತ್ತದೆ. ೨೦೧೩ರಲ್ಲಿ ಆ ತಂತಿಯೇ ನಿಂತುಹೋಯಿತು. ಆದರೆ ಅದು ಬಂದಾಗ ಲಕೋಟೆಯನ್ನು ಒಡೆಯದೆ ಮೇಲಿನ ವಿಳಾಸವನ್ನೇ ಎರಡು ಸಾರಿ, ಮೂರು ಸಾರಿ ಓದುತ್ತ ನಿಂತ ಹಿರಿಯರನ್ನು ಮರೆತವರಿಲ್ಲ. ವಿಳಾಸವು ಅರ್ಥವಾಗಲಿಲ್ಲವೆಂದಲ್ಲ, ಒಳಗಿನದು ಇನ್ನು ಸ್ವಲ್ಪ ಹೊತ್ತು ಒಳಗೇ ಇರಲಿ ಎಂದು.

ಅನಂತರ ಅವನು ಒಂದೇ ಒಂದು ಪ್ರಶ್ನೆಯನ್ನು ಹಾಕುತ್ತಾನೆ. ಬದುಕಿರುವವರ ಪ್ರತಿಮೆಗಳನ್ನೂ ಇಲ್ಲಿ ನಿಲ್ಲಿಸುವುದುಂಟೇ? ಇಲ್ಲ, ಗತಿಸಿದವರದು ಮಾತ್ರ ಎಂದು ಅರ್ಚಕನ ಉತ್ತರ. ಹಾಗಾದರೆ ಹೊರಡಲು ಅಪ್ಪಣೆಯಾಗಬೇಕು ಎಂದು ಭರತನು ತಿರುಗುತ್ತಾನೆ.

ಈ ಹೊರಡುವಿಕೆಯ ಮುಂದೆ ಬಹು ದೊಡ್ಡ ಭಾಷಣಗಳೂ ಪೇಲವವಾಗಿ ಕಾಣುತ್ತವೆ. ಭರತನಿಗೆ ತಿಳಿಯದೇ ಹೋಯಿತೆಂದು ಹೇಳುವಂತಿಲ್ಲ, ತಿಳಿದುಹೋಯಿತೆಂದೂ ಹೇಳುವಂತಿಲ್ಲ. ಹೆಸರನ್ನು ಕೇಳದಿರುವವರೆಗೆ ತಂದೆಯು ಬದುಕಿರುತ್ತಾನೆ. ಆ ಬಾಗಿಲನ್ನು ದಾಟಿ ರಥವೇರಿದರೆ ಅಯೋಧ್ಯೆಯನ್ನು ಸೇರುವವರೆಗಾದರೂ ಬದುಕಿರುತ್ತಾನೆ. ಅಳುವಿಲ್ಲ, ಕೂಗಿಲ್ಲ, ಮುಖವಿಕಾರವೂ ಬೇಕಾದುದಿಲ್ಲ. ಮರ್ಯಾದೆಯಾಗಿ ಬೀಳ್ಕೊಳ್ಳುವ ಒಂದು ಮಾತು. ನೋಡುವವರು ಮಾತ್ರ ಉಸಿರು ಬಿಗಿಹಿಡಿದು, ಅವನನ್ನು ಹೋಗಗೊಡಲಿ ಎಂದು ಆ ಅರ್ಚಕನನ್ನು ಮನಸ್ಸಿನಲ್ಲಿಯೇ ಬೇಡಿಕೊಳ್ಳುತ್ತಾರೆ.

ಆದರೆ ಅರ್ಚಕನು ಹೋಗಗೊಡುವುದಿಲ್ಲ. ಅವನಲ್ಲಿ ಕ್ರೌರ್ಯವೇನೂ ಇಲ್ಲ. ಬಂದವನು ಮೂರು ಪ್ರತಿಮೆಗಳನ್ನು ಎರಡೆರಡು ಸಾರಿ ವಿಚಾರಿಸಿ, ಎಲ್ಲಕ್ಕಿಂತ ಹೊಸದಾದುದನ್ನೇ ಬಿಟ್ಟು ಹೋಗುವುದು ಅವನಿಗೆ ಸರಿಬೀಳುವುದಿಲ್ಲ. ಯಾವ ಪುಣ್ಯಕ್ಷೇತ್ರದಲ್ಲಿಯಾದರೂ ಎಲ್ಲವನ್ನೂ ತೋರಿಸದೆ ಯಾತ್ರಿಕನನ್ನು ಬಿಡದ ಇಂತಹವರನ್ನು ಕಾಣಬಹುದು. ತಮ್ಮ ಕೆಲಸದಲ್ಲಿ ಅವರಿಗೆ ಅಭಿಮಾನ. ಹೆಣ್ಣಿನ ಶುಲ್ಕಕ್ಕಾಗಿ ಪ್ರಾಣವನ್ನೂ ರಾಜ್ಯವನ್ನೂ ತೊರೆದ ಈ ದಶರಥನ ಪ್ರತಿಮೆಯನ್ನೇಕೆ ಕೇಳಲಿಲ್ಲವೆಂದು ಅವನು ಕೇಳುತ್ತಾನೆ. ವಾಕ್ಯದ ಜೋಡಣೆಯನ್ನು ನೋಡಬೇಕು. ಮೊದಲು ಪ್ರಾಣ ಹೋದ ಸಂಗತಿ, ಆಮೇಲೆ ಅದರ ಕಾರಣ, ಹೆಸರು ಕೊನೆಗೆ. ಆ ಹೆಸರು ಬರುವ ಮೊದಲೇ ‘ಶುಲ್ಕ’ವೆಂಬ ಶಬ್ದದೊಳಗೆ ಭರತನ ತಾಯಿಯು ಬಂದು ನಿಂತಿದ್ದಾಳೆ. ಒಬ್ಬ ಅಪರಿಚಿತನ ಸರಳವಾದ ಕರ್ತವ್ಯನಿಷ್ಠೆಯು ಒಂದು ಉಸಿರಿನಲ್ಲಿ ತಂದೆಯನ್ನು ಕೊಂದು, ತಾಯಿಯ ಮೇಲೆ ಬೆರಳನ್ನು ಮಾಡಿಬಿಟ್ಟಿತು.

ಮೂರು ಪ್ರತಿಮೆಗಳಿಗೆ ನಮಸ್ಕರಿಸಿದ ಭರತನು ನಾಲ್ಕನೆಯದರ ಮುಂದೆ ಮೂರ್ಛೆಹೋಗಿ ಬೀಳುತ್ತಾನೆ. ರಥದಲ್ಲಿ ಕಂಡ ಕನಸನ್ನು ಇಲ್ಲಿ ನೆನೆಯದಿರುವವರು ಯಾರು? ತಂದೆಯ ಪಾದದಲ್ಲಿ ಬೀಳಬೇಕೆಂದಿದ್ದನು, ಬಿದ್ದನು. ಎತ್ತಿ ತಬ್ಬುವ ಕೈಗಳು ಮಾತ್ರ ಕಲ್ಲಿನವು. ತಾಯಂದಿರು ಕಣ್ಣೀರು ಸುರಿಸುವುದೂ ಇನ್ನು ಸ್ವಲ್ಪ ಹೊತ್ತಿನಲ್ಲಿ ನಡೆಯುತ್ತದೆ. ಓಡಿಬರಬೇಕಾದ ರಾಮಲಕ್ಷ್ಮಣರು ಕಾಡಿನಲ್ಲಿದ್ದಾರೆ. ಹರ್ಷದ ಚಿತ್ರದ ಒಂದೊಂದು ಗೆರೆಯನ್ನೂ ಅಳಿಸದೆ ಅದರ ಮೇಲೆಯೇ ಶೋಕದ ಚಿತ್ರವನ್ನು ಬರೆದಿದೆ.

ಎಚ್ಚತ್ತ ಮೇಲೆ ಭರತನು ಅವನನ್ನು ‘ಆರ್ಯ’ ಎಂದು ಸಂಬೋಧಿಸುತ್ತಾನೆ. ಅದು ಇಕ್ಷ್ವಾಕುಗಳ ಮನೆಯ ಮಾತು. ಮುಖದ ಹೋಲಿಕೆಯಿಂದ ತಿಳಿಯದುದು ಅರ್ಚಕನಿಗೆ ಈ ಒಂದು ಮಾತಿನಿಂದ ಹೊಳೆಯುತ್ತದೆ: ಕೈಕೇಯಿಯ ಮಗ ಭರತನೇ ತಾವು? ಭರತನು ತಾನು ದಶರಥನ ಮಗನೆಂದು ಒಪ್ಪಿಕೊಳ್ಳುತ್ತಾನೆ, ಕೈಕೇಯಿಯ ಮಗನಲ್ಲವೆನ್ನುತ್ತಾನೆ. ಕೂಡಲೇ ಅರ್ಚಕನು, ಹಾಗಾದರೆ ಹೊರಡಲು ಅಪ್ಪಣೆಯಾಗಬೇಕು ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಮುಂಚೆ ಭರತನಾಡಿದ ಮಾತೇ ಅದು. ಆಗ ತಿಳಿಯಲು ಹೆದರಿದವನು ಓಡಹೋದನು, ತಿಳಿದವನು ತಡೆದನು; ಈಗ ಹೇಳಲು ಹೆದರಿದವನು ಓಡಹೋಗುತ್ತಾನೆ, ಕೇಳಬೇಕಾದವನು ತಡೆಯುತ್ತಾನೆ. ನಿಲ್ಲು, ಉಳಿದುದನ್ನೂ ಹೇಳು. ಭರತನಲ್ಲಿ ಎಳೆಯತನವು ಮುಗಿದು ಗಂಡಸುತನವು ಬಂದುದು ಈ ‘ನಿಲ್ಲು’ ಎಂಬಲ್ಲಿ. ಅದನ್ನು ಕವಿಯು ಹೇಳಿಲ್ಲ, ವ್ಯಾಖ್ಯಾನಕ್ಕೂ ಕೊಟ್ಟಿಲ್ಲ.

ರಾಮನೂ ಸೀತೆಯೂ ಲಕ್ಷ್ಮಣನೂ ಕಾಡಿಗೆ ಹೋದರೆಂದು ತಿಳಿದಾಗ ಎರಡನೆಯ ಮೂರ್ಛೆ. ವಿವರವನ್ನು ಕೇಳಿದಾಗ ಅರ್ಚಕನು ತಾಯಿಯ ಮಾತನ್ನೆತ್ತುತ್ತಾನೆ; ಭರತನು ಅವನನ್ನು ಅಷ್ಟಕ್ಕೇ ನಿಲ್ಲಿಸಿ ಉಳಿದ ಕಥೆಯನ್ನು ತಾನೇ ಹೇಳಿ ಮುಗಿಸುತ್ತಾನೆ. ಇದು ಬಹು ಸೂಕ್ಷ್ಮವಾದ ಸ್ಥಳ. ತಾಯಿಯನ್ನು ತನ್ನವಳಲ್ಲವೆಂದವನು ಅವಳು ಏನು ಮಾಡಿದ್ದಾಳೆಂಬುದನ್ನು ಮತ್ತೊಬ್ಬನ ಬಾಯಿಂದ ಕೇಳಬೇಕಾಗಿಲ್ಲ. ಅವಳ ಮನಸ್ಸಿನ ದಾರಿ ಅವನಿಗೆ ಗೊತ್ತು. ಮಗನಲ್ಲದೆ ಇನ್ನಾರು ಅಷ್ಟು ಬೇಗ ಊಹಿಸಬಲ್ಲರು? ಅಲ್ಲಿಗೆ ಮೂರನೆಯ ಮೂರ್ಛೆ. ಮೂರು ಮೂರ್ಛೆಗಳು ಈ ಕಾಲದವರಿಗೆ ಹೆಚ್ಚೆನಿಸಿದರೆ ತಪ್ಪಿಲ್ಲ. ಮೊದಲ ಎರಡು ಬೇರೆ ಬೇರೆ ಸುದ್ದಿಗಳಿಗೆ ಸಲ್ಲುತ್ತವೆ. ಮೂರನೆಯದು ರಾಣಿಯರು ಬರುವ ಹೊತ್ತಿಗೆ ಮಗನು ನೆಲದ ಮೇಲಿರಲಿ ಎಂಬ ರಂಗದ ಅವಶ್ಯಕತೆಗೆ ಸಲ್ಲುತ್ತದೆ. ಭಾಸನು ಇಲ್ಲಿ ಸ್ವಲ್ಪ ಆತುರಪಟ್ಟಿದ್ದಾನೆಂದು ಒಪ್ಪಬೇಕು.

ಅವನ ಆತುರವನ್ನು ಮುಂದಿನ ಕ್ಷಣವೇ ಮರೆಸಿಬಿಡುತ್ತದೆ. ಸುಮಂತ್ರನು ರಾಣಿಯರನ್ನು ಕರೆತರುತ್ತಾನೆ. ಎಚ್ಚತ್ತ ಭರತನು ಕೂಗಿದ ದನಿಯನ್ನು ಕೇಳಿದೊಡನೆಯೇ ಸುಮಂತ್ರನ ಬಾಯಿಂದ ಮಹಾ... ಎಂದು ಜಯಕಾರವು ಹೊರಟು ಅರ್ಧದಲ್ಲಿ ನಿಲ್ಲುತ್ತದೆ. ದನಿಯು ದಶರಥನದೇ, ಪ್ರತಿಮೆಯೇ ಮಾತಾಡಿತೆಂದುಕೊಂಡನು ಮುದುಕ. ಎಷ್ಟು ವರ್ಷ ಆ ದನಿಗೆ ಓಗೊಟ್ಟ ನಾಲಗೆಯೋ, ಅದು ತಾನಾಗಿಯೇ ಎದ್ದಿತು. ಸುಮಂತ್ರನ ಸ್ವಾಮಿಭಕ್ತಿಯನ್ನು ಹೊಗಳುವ ಪದ್ಯಗಳನ್ನು ನೂರು ಬರೆಯಬಹುದು. ಈ ಅರ್ಧ ಮಾತಿನ ತಪ್ಪು ಅವನ್ನೆಲ್ಲ ಮೀರಿಸುತ್ತದೆ. ಮುಂದಿನ ಅಂಕದಲ್ಲಿ ರಾಮನು ಪರ್ಣಶಾಲೆಯಲ್ಲಿದ್ದು ಇದೇ ದನಿಯನ್ನು ಕೇಳಿ ತಂದೆಯನ್ನು ನೆನೆಯುತ್ತಾನೆ. ಒಂದು ಕಂಠದ ಹೋಲಿಕೆಯನ್ನು ಎರಡು ಸಾರಿ ಬಳಸಿದ್ದಾನೆ ಕವಿ, ಎರಡು ಸಾರಿಯೂ ಬೇರೆ ಬೇರೆ ಎದೆಗಳನ್ನು ತೆರೆಯುವುದಕ್ಕಾಗಿ.

ಬಳಿಕ ತಾಯಂದಿರಿಗೆ ನಮಸ್ಕಾರ. ಬಹುಕಾಲ ದೂರವಿದ್ದ ಮಗನಿಗೆ ಕ್ರಮ ಮರೆತಿದೆ. ಯಾರು ಮೊದಲೆಂದು ಸುಮಂತ್ರನನ್ನು ಕೇಳುತ್ತಾನೆ. ಕೌಸಲ್ಯೆಗೆ, ನಿರಪರಾಧಿಯಾದ ಭರತನು ನಮಸ್ಕರಿಸುತ್ತಾನೆ ಎನ್ನುತ್ತಾನೆ. ಯಾರೂ ಅಪರಾಧವೆನ್ನದಿದ್ದರೂ ತಾನಾಗಿಯೇ ಆ ಶಬ್ದವನ್ನು ತಂದುಕೊಳ್ಳುತ್ತಾನೆ. ಅವಳು ಸಂತಾಪವಿಲ್ಲದವನಾಗೆಂದು ಹರಸುತ್ತಾಳೆ. ಆ ಹರಕೆಯೇ ಬೈಗುಳದಂತೆ ಅವನಿಗೆ ಚುಚ್ಚುತ್ತದೆ. ಕೌಸಲ್ಯೆಯು ಚುಚ್ಚಬೇಕೆಂದು ಹೇಳಿದಳೇ, ಶುದ್ಧವಾದ ಮನಸ್ಸಿನಿಂದ ಹೇಳಿದಳೇ? ಭಾಸನು ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳೇ, ಸಕಲೋಪಚಾರಗಳನ್ನೂ ಬಲ್ಲ ನೀನು ನಿನ್ನ ತಾಯಿಗೇಕೆ ನಮಸ್ಕರಿಸಲಿಲ್ಲವೆಂದು ಕೇಳುವುದನ್ನು ನೋಡಿದರೆ ಅವಳ ಮನಸ್ಸು ದೊಡ್ಡದೆಂದೇ ನಂಬಬೇಕೆನಿಸುತ್ತದೆ.

ಕೈಕೇಯಿಯ ಮುಂದೆ ಭರತನು ಬೇರೆಯೇ ಮನುಷ್ಯನು. ತನ್ನ ಇಬ್ಬರು ತಾಯಂದಿರ ನಡುವೆ ಅವಳು ನಿಂತಿರುವುದು ಗಂಗೆಯಮುನೆಗಳ ನಡುವೆ ಕೆಟ್ಟ ಹೊಳೆಯೊಂದು ಹರಿದಂತಿದೆಯೆಂದು ಮುಖದ ಮೇಲೆಯೇ ಹೇಳಿಬಿಡುತ್ತಾನೆ. ಗಂಡನಿಗೆ ದ್ರೋಹ ಬಗೆದವಳು ತಾಯಿಯಲ್ಲವೆಂದು ಹೊಸ ಧರ್ಮವನ್ನೇ ಸ್ಥಾಪಿಸಹೊರಡುತ್ತಾನೆ. ತಾಳಮದ್ದಳೆಯಲ್ಲಿ ಭರತನ ಅರ್ಥ ಹೇಳುವವರಿಗೆ ಇಂತಹ ಸನ್ನಿವೇಶವು ಒದಗಿದರೆ ಬೆಳಗಾಗುವುದರೊಳಗೆ ಮುಗಿಯುವಂತಿಲ್ಲ, ಕೈಕೇಯಿಯ ಅರ್ಥಧಾರಿಯೂ ಸುಮ್ಮನಿರುವವನಲ್ಲ. ಭಾಸನ ಕೈಕೇಯಿಯು ಮೂರು ನಾಲ್ಕು ಮಾತುಗಳನ್ನಷ್ಟೇ ಆಡುತ್ತಾಳೆ. ತಾನು ಮಾಡಿದುದೇನೆಂದು ಕೇಳುತ್ತಾಳೆ. ಮಹಾರಾಜನ ಸತ್ಯವನ್ನು ಕಾಪಾಡಿದೆನೆನ್ನುತ್ತಾಳೆ. ಆತನು ಹೊಡೆದಂತೆ ಮಾತಾಡುತ್ತ ಹೋದಾಗ, ಮಗು, ಸ್ಥಳವೂ ಕಾಲವೂ ಬಂದಾಗ ತಿಳಿಸುತ್ತೇನೆ ಎಂದು ಸುಮ್ಮನಾಗುತ್ತಾಳೆ.

ಈ ಸುಮ್ಮನಾಗುವುದರಲ್ಲಿ ಅಂಕದ ಗುಟ್ಟೆಲ್ಲ ಅಡಗಿದೆ. ಅಲ್ಲಿಯವರೆಗೆ ಪ್ರೇಕ್ಷಕನು ಎಲ್ಲರಿಗಿಂತ ಹೆಚ್ಚು ತಿಳಿದವನಾಗಿದ್ದನು. ಭರತನು ನಗುವಾಗ ಅವನಿಗೆ ತಿಳಿದಿತ್ತು. ಸೂತನು ಮರೆಮಾಚುವಾಗ ತಿಳಿದಿತ್ತು. ಅರ್ಚಕನು ತಡೆಯುವಾಗ ತಿಳಿದಿತ್ತು. ಆ ಮೇಲ್ಮೆಯಿಂದಲೇ ಅವನು ಭರತನ ಪಕ್ಷ ವಹಿಸಿ ಕೈಕೇಯಿಯನ್ನು ದ್ವೇಷಿಸಲು ಸಿದ್ಧನಾಗಿದ್ದನು. ಈಗ ಒಮ್ಮೆಲೇ ಒಬ್ಬಳು ತನಗೆ ತಿಳಿದುದನ್ನು ಅವನಿಂದಲೂ ಬಚ್ಚಿಟ್ಟುಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಮುಂಚೆ ಕಲ್ಲಿನ ಮುಂದೆ ಭರತನು ಇದ್ದ ಸ್ಥಿತಿಯಲ್ಲಿಯೇ ಪ್ರೇಕ್ಷಕನು ಕೈಕೇಯಿಯ ಮುಂದೆ ನಿಲ್ಲುತ್ತಾನೆ: ಎದುರಿಗಿರುವುದು ಯಾರೆಂದು ತಿಳಿಯದು, ಕೇಳಲು ಧೈರ್ಯವೂ ಸಾಲದು.

ಆರನೆಯ ಅಂಕದಲ್ಲಿ ಅವಳು ಹೇಳುತ್ತಾಳೆ. ಕುರುಡ ಮುನಿಯ ಶಾಪದಂತೆ ದಶರಥನಿಗೆ ಪುತ್ರಶೋಕವು ತಪ್ಪುವಂತಿರಲಿಲ್ಲವಂತೆ; ಅದಕ್ಕಾಗಿ ರಾಮನನ್ನು ದೂರ ಕಳುಹಿಸಬೇಕಾಯಿತಂತೆ; ಹದಿನಾಲ್ಕು ದಿನವೆನ್ನಬೇಕೆಂದಿದ್ದವಳು ಮನಸ್ಸಿನ ಕಳವಳದಲ್ಲಿ ಹದಿನಾಲ್ಕು ವರ್ಷವೆಂದುಬಿಟ್ಟಳಂತೆ. ಭರತನು ನಂಬಿ ಕ್ಷಮೆ ಬೇಡುತ್ತಾನೆ. ವಾಚಕನು ಅಷ್ಟು ಸುಲಭವಾಗಿ ನಂಬಲಾರನು. ಕೈಕೇಯಿಯನ್ನು ನಿರ್ದೋಷಿಯನ್ನಾಗಿ ಮಾಡಬೇಕೆಂಬ ಕವಿಯ ಕನಿಕರವು ಗೌರವಾರ್ಹವೇ. ಅದಕ್ಕೆ ಅವನು ತಂದ ಕಾರಣವು ಮಾತ್ರ ಬಡವಾಯಿತು. ನಾಲಗೆಯ ಒಂದು ತಪ್ಪಿನ ಮೇಲೆ ಹದಿನಾಲ್ಕು ವರ್ಷಗಳ ಭಾರವನ್ನು ಹೊರಿಸುವುದು ನ್ಯಾಯವಲ್ಲ. ಸುಮಂತ್ರನ ನಾಲಗೆ ತಪ್ಪಿದಾಗ ಒಂದು ಹೃದಯ ಕಂಡಿತು. ಕೈಕೇಯಿಯ ನಾಲಗೆ ತಪ್ಪಿತೆಂದಾಗ ಕಂಡ ಹೃದಯವೂ ಮುಚ್ಚಿಹೋಗುತ್ತದೆ. ಅವಳು ಹೇಳದೆಯೇ ಉಳಿದಿದ್ದರೆ ಲೇಸಾಗುತ್ತಿತ್ತೆಂದು ಎಷ್ಟೋ ಸಹೃದಯರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಮೂರನೆಯ ಅಂಕದ ಕೈಕೇಯಿಯಲ್ಲಿ ಅಪರಾಧಿಯೂ ಇದ್ದಾಳೆ, ಮಗನಿಗಾಗಿ ಮಾಡಿ ಮಗನಿಂದಲೇ ಬೈಸಿಕೊಳ್ಳುವ ತಾಯಿಯೂ ಇದ್ದಾಳೆ, ಹೇಳಿಕೊಳ್ಳಲಾರದ ಇನ್ನಾವಳೋ ಇದ್ದಾಳೆ. ಆರನೆಯದರಲ್ಲಿ ಉಳಿಯುವುದು ಒಂದು ಸಮಜಾಯಿಷಿ.

ಆದುದರಿಂದ ಈ ಅಂಕವನ್ನು ಎಲ್ಲಿಯಾದರೂ ಆಡುವವರು ಕೈಕೇಯಿಯ ಆ ಮಾತನ್ನು ಹೇಗೆ ಹೇಳಿಸುತ್ತಾರೆಂಬುದು ದೊಡ್ಡ ಪ್ರಶ್ನೆ. ಬೆದರಿಕೆಯಂತೆ ಹೇಳಿದರೆ ಅವಳು ದುಷ್ಟೆಯಾಗುತ್ತಾಳೆ. ಅಳುತ್ತ ಹೇಳಿದರೆ ಮುಂದಿನ ಗುಟ್ಟು ಆಗಲೇ ಒಡೆಯುತ್ತದೆ. ಮನೆಯಲ್ಲಿ ಹೊರಗಿನವರಿದ್ದಾಗ ತಾಯಿಯು ಮಗನಿಗೆ, ಆಮೇಲೆ ಹೇಳುತ್ತೇನಪ್ಪ, ಎನ್ನುವಷ್ಟು ಸಾಧಾರಣವಾಗಿ ಹೇಳಿದರೆ ಸರಿಹೋಗುವುದೋ ಏನೋ. ಗಂಡನ ಪ್ರತಿಮೆಯು ಅವಳ ಹಿಂದೆಯೇ ನಿಂತಿದೆ, ಸವತಿಯರು ಪಕ್ಕದಲ್ಲಿದ್ದಾರೆ, ಮಗನು ಮುಖ ತಿರುಗಿಸಿದ್ದಾನೆ. ಅವಳಿಗೆ ಆ ಮನೆಯೊಳಗೆ ನಿಲ್ಲಲು ಒಂದು ಮೂಲೆಯೂ ಇಲ್ಲ.

ಅಷ್ಟರಲ್ಲಿ ವಸಿಷ್ಠ ವಾಮದೇವರು ಅಭಿಷೇಕಕ್ಕೆ ಸಿದ್ಧರಾಗಿದ್ದಾರೆಂಬ ಸುದ್ದಿ ಬರುತ್ತದೆ. ಅಭಿಷೇಕವನ್ನು ಈಕೆಗೇ ಮಾಡಲಿ ಎಂದು ಭರತನು ತಾಯಿಯ ಕಡೆ ತೋರಿಸುತ್ತಾನೆ. ರಾಮನಿದ್ದಲ್ಲಿಯೇ ತನಗೆ ಅಯೋಧ್ಯೆಯೆಂದು ಹೇಳಿ ಪಟ್ಟಣಕ್ಕೆ ಬೆನ್ನುಮಾಡಿ ಕಾಡಿನ ದಾರಿ ಹಿಡಿಯುತ್ತಾನೆ. ಪುರಪ್ರವೇಶಕ್ಕೆ ಒಳ್ಳೆಯ ಗಳಿಗೆಯನ್ನು ಕಾಯುವುದಕ್ಕೆಂದೇ ಅವನು ಅಲ್ಲಿ ಇಳಿದಿದ್ದನು. ರೋಹಿಣಿಯು ಬಂದಳೋ ಇಲ್ಲವೋ, ಆಮೇಲೆ ಯಾರೂ ಕೇಳುವುದಿಲ್ಲ.